ಈ ನಿಶ್ಶಬ್ದ ಸುಮ್ನೆ ಬಂದಿದ್ದಲ್ಲ

ದೂರದಿಂದ ನೋಡಿದರೆ ಸಿಟಿ ಆಫ್ ರಾಕ್ಸ್ ಸ್ಟೇಟ್ ಪಾರ್ಕ್ ಅಂಥಾ ದೊಡ್ಡ ದೃಶ್ಯವೇನಲ್ಲ. ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ನೈಋತ್ಯ ಮೂಲೆಯಲ್ಲಿ ಡೆಮಿಂಗ್, ಸಿಲ್ವರ್ ಸಿಟಿ ಅನ್ನುವ ಎರಡು ಸಣ್ಣ ಊರುಗಳಿವೆ. ಅವುಗಳ ನಡುವಿನ ಹೆದ್ದಾರಿಯಿಂದ ಒಳರಸ್ತೆಗೆ ತಿರುಗಿದರೆ ಕಣ್ಣು ಹರಿದಷ್ಟೂ ಒಣಹುಲ್ಲಿನ ಬಯಲು. ಆ ಬಯಲಿನಲ್ಲಿ ಬೂದು ಬಣ್ಣದ ಕಲ್ಲುಗಳ ಒಂದು ಗುಂಪು ನಿಂತಿದೆ. ಅಷ್ಟೇ. ನನ್ನ ಮಗಳು ಕಾರಿನ ಕಿಟಕಿಯಿಂದಲೇ ನೋಡಿ, "ಅಮ್ಮಾ, ಇಷ್ಟೇನಾ?" ಅಂದಳು. ಅವಳ ಅಪ್ಪ ಉತ್ತರ ಕೊಡುವ ಗೋಜಿಗೇ ಹೋಗಲಿಲ್ಲ.

ಅವಳು ಹೇಳಿದ್ದು ಸುಳ್ಳಲ್ಲ. ಇಡೀ ಪಾರ್ಕು ಸುಮಾರು 5 ಚದರ ಕಿ.ಮೀ. ಅದರಲ್ಲಿ ಕಲ್ಲುಗಳಿರುವ ಜಾಗ ಇನ್ನೂ ಚಿಕ್ಕದು. ಆತುರವಿದ್ದವರು ಅದನ್ನು ಗಂಟೆಯೊಳಗೆ ಸುತ್ತಿ ಮುಗಿಸುತ್ತಾರೆ. ಮಧ್ಯಾಹ್ನ ಬಂದು, ಕಲ್ಲುಗಳ ನಡುವೆ ನಾಲ್ಕು ಫೋಟೋ ತೆಗೆದು, ಕತ್ತಲಾಗುವ ಮುಂಚೆ ಹೊರಟುಹೋಗುತ್ತಾರೆ. ನನ್ನ ಪ್ರಕಾರ ಅವರು ಈ ಜಾಗವನ್ನು ನೋಡಿಯೇ ಇಲ್ಲ. ನಡುನೆತ್ತಿಯ ಬಿಸಿಲಿನಲ್ಲಿ ಈ ಕಲ್ಲುಗಳು ಚಪ್ಪಟೆಯಾಗಿ ಕಾಣುತ್ತವೆ. ನೆರಳು ಉದ್ದವಾದ ಮೇಲೇ ಒಂದೊಂದರ ಹೊಟ್ಟೆ, ಕುತ್ತಿಗೆ, ಗುಳಿ ಎಲ್ಲ ಎದ್ದು ಬರುವುದು. ಅದಕ್ಕಿಂತ ಹೆಚ್ಚಾಗಿ, ಇಲ್ಲಿ ನಿಜಕ್ಕೂ ಸಿಗುವ ವಸ್ತು ಅಂದರೆ ಸದ್ದಿಲ್ಲದಿರುವುದು. ಅದು ಹಗಲಿನಲ್ಲಿ ಸಿಗುವುದಿಲ್ಲ. ರಾತ್ರಿ ಉಳಿಯಬೇಕು.

ಆ ನಿಶ್ಶಬ್ದ ಎಲ್ಲಿಂದ ಬಂತು ಅನ್ನುವುದು ನನ್ನ ತಲೆಯಲ್ಲಿ ಉಳಿದುಬಿಟ್ಟಿದೆ. ಪ್ರಕೃತಿ ಅಂದಮೇಲೆ ಶಾಂತವಾಗಿಯೇ ಇರುತ್ತದೆ ಅಂತ ನಾವು ಸುಲಭವಾಗಿ ಅಂದುಬಿಡುತ್ತೇವೆ. ಆದರೆ ಎಷ್ಟು ಕ್ಯಾಂಪ್‌ಗ್ರೌಂಡುಗಳಲ್ಲಿ ಮಲಗಲು ಆಗಿದೆ ಹೇಳಿ? ಪಕ್ಕದ ಟೆಂಟಿನವರ ಸ್ಪೀಕರ್ರು, ಅದರಾಚೆಯವರ ಜನರೇಟರು, ನಡುರಾತ್ರಿ ಬಂದವರ ಕಾರಿನ ಬಾಗಿಲು. ಮರ, ಬೆಟ್ಟ, ಹೊಳೆ ಎಲ್ಲ ಇದ್ದೂ ಸದ್ದು ಇದ್ದೇ ಇರುತ್ತದೆ. ಇಲ್ಲಿ ಹಾಗಾಗಲಿಲ್ಲ. ಅದಕ್ಕೆ ಕಾರಣಗಳಿವೆ. ಮೊದಲ ಕಾರಣಕ್ಕೆ ಮೂರೂವರೆ ಕೋಟಿ ವರ್ಷ ವಯಸ್ಸು.

ಪಾರ್ಕಿನ ಈಶಾನ್ಯಕ್ಕೆ ಬ್ಲ್ಯಾಕ್ ರೇಂಜ್ ಅನ್ನುವ ಬೆಟ್ಟಸಾಲು ಇದೆ. ಸುಮಾರು 3.5 ಕೋಟಿ ವರ್ಷದ ಹಿಂದೆ ಅಲ್ಲಿ ಒಂದು ಭಾರೀ ಜ್ವಾಲಾಮುಖಿ ಸಿಡಿಯಿತು. ನೆಲದಡಿಯ ಕರಗಿದ ಕಲ್ಲು ಒಮ್ಮೆಲೇ ಹೊರಬಿದ್ದಾಗ ಮೇಲಿನ ನೆಲಕ್ಕೆ ಆಸರೆಯೇ ಇಲ್ಲದೆ ಕುಸಿದು ದೊಡ್ಡ ಬಟ್ಟಲಿನಂಥ ತಗ್ಗು ಆಯಿತು. ಇಂಥ ತಗ್ಗಿಗೆ ಕ್ಯಾಲ್ಡೆರಾ ಅನ್ನುತ್ತಾರೆ; ಇದರ ಹೆಸರು ಎಮೊರಿ ಕ್ಯಾಲ್ಡೆರಾ. 1980ರಲ್ಲಿ ವಾಷಿಂಗ್ಟನ್ ರಾಜ್ಯದ ಮೌಂಟ್ ಸೇಂಟ್ ಹೆಲೆನ್ಸ್ ಸಿಡಿದದ್ದು ಅನೇಕರಿಗೆ ಗೊತ್ತಿರುತ್ತದೆ. ಇಲ್ಲಿ ಸಿಡಿದದ್ದು ಅದರ ಸುಮಾರು ಸಾವಿರ ಪಟ್ಟು ಅಂತ ಲೆಕ್ಕ. ನಿಶ್ಶಬ್ದವನ್ನು ಹುಡುಕಿಕೊಂಡು ಹೋಗುವ ಜಾಗದ ಹುಟ್ಟು ಇಷ್ಟು ಗದ್ದಲದ್ದು.

ಹೊರಬಂದದ್ದು ಹರಿಯುವ ಲಾವಾ ಅಲ್ಲ. ಕೆಂಡದಂಥ ಬೂದಿ, ಅನಿಲ, ನುಚ್ಚುಕಲ್ಲು ಎಲ್ಲ ಸೇರಿ ನೆಲ ಹಿಡಿದು ನುಗ್ಗಿ ಬಂದ ಪ್ರವಾಹ. ಅದು ಬಂದು ನಿಂತಾಗಲೂ ಎಷ್ಟು ಬಿಸಿ ಇತ್ತೆಂದರೆ, ಮೇಲಿನ ಭಾರಕ್ಕೆ ಕೆಳಗಿನ ಬೂದಿ ಒತ್ತಿ ಒಂದಕ್ಕೊಂದು ಬೆಸೆದುಹೋಯಿತು. ಹೀಗಾದ ಕಲ್ಲಿಗೆ ಟಫ್ ಅನ್ನುತ್ತಾರೆ. ಇಲ್ಲಿನ ಪದರದ ಹೆಸರು ನೀಲಿಂಗ್ ನನ್ ಟಫ್. ಸಾಂಟಾ ರೀಟಾದ ತಾಮ್ರದ ಗಣಿಯ ಮೇಲ್ಗಡೆ, ಬೆಟ್ಟದಂಚಿನಲ್ಲಿ ಮಂಡಿಯೂರಿದ ಸನ್ಯಾಸಿನಿ ಅಂತ ಜನ ಗುರುತಿಸುವ ಒಂದು ಕಲ್ಲುಕಂಬವಿದೆ. ಹೆಸರು ಅಲ್ಲಿಂದ ಬಂದದ್ದು.

ಕಲ್ಲಿನ ಮೇಲೆ ಅಂಗೈ ಇಟ್ಟರೆ ತರಿತರಿ. ಹತ್ತಿರದಿಂದ ನೋಡಿದರೆ ಗಾಜಿನ ಚೂರುಗಳಂತೆ ಹೊಳೆಯುವ ಹರಳುಗಳು ಕಾಣುತ್ತವೆ. ಸ್ಫಟಿಕ ಮತ್ತು ಫೆಲ್ಡ್‌ಸ್ಪಾರ್. ನೆಲದಡಿಯ ಬಿಸಿಯಲ್ಲಿ ನಿಧಾನವಾಗಿ ಬೆಳೆದಿದ್ದ ಅವು ಸಿಡಿತದ ದಿನ ಬೂದಿಯ ಜೊತೆ ಹಾರಿಬಂದವು. ನಮ್ಮ ಹುಡುಗಿ ಇಲ್ಲಿಗೆ ಬಂದಮೇಲೇ ಸ್ವಲ್ಪ ಆಸಕ್ತಿ ತೋರಿಸಿದ್ದು. ಸುತ್ತಲಿನ ಬಯಲನ್ನು ಬಿಟ್ಟು ಕಲ್ಲಿಗೆ ಮೂಗು ತಾಗಿಸಿ ನಿಂತಳು.

ಬೆಸೆದ ಬೂದಿ ತಣ್ಣಗಾಗುತ್ತಾ ಕುಗ್ಗಿತು. ಕುಗ್ಗಿದಾಗ ಮೇಲಿಂದ ಕೆಳಕ್ಕೆ ನೇರವಾದ ಬಿರುಕುಗಳು ಬಿದ್ದವು. ಆಮೇಲಿನದೆಲ್ಲ ನೀರಿನ ಕೆಲಸ. ಬಿರುಕಿಗೆ ಮಳೆ ಇಳಿಯಿತು. ಚಳಿಗೆ ಅದು ಹೆಪ್ಪುಗಟ್ಟಿ ಹಿಗ್ಗಿತು. ಗಿಡದ ಬೇರು ನುಗ್ಗಿತು. ಪುಡಿಯಾದದ್ದನ್ನು ಮಳೆ, ಗಾಳಿ ಹೊತ್ತೊಯ್ದವು. ಬಿರುಕು ಅಗಲವಾಗಿ ಓಣಿಯಾಯಿತು. ಓಣಿಗಳ ನಡುವೆ ಉಳಿದದ್ದು ಕಂಬ. ಎತ್ತರದ ಕಂಬಗಳು 12 ಮೀಟರ್‌ವರೆಗೂ ಇವೆ. ಮೂಲೆಗಳಿಗೆ ಎರಡು ಮೂರು ಕಡೆಯಿಂದ ನೀರು ತಗಲುವುದರಿಂದ ಅವು ಬೇಗ ಸವೆದು ಗುಂಡಗಾಗುತ್ತವೆ.

ಫೋಟೋ ನೋಡಿದ ಎಲ್ಲರೂ ಕೇಳಿದ ಪ್ರಶ್ನೆ ಒಂದೇ: ಹಂಪಿ ಇದ್ದಂಗಿದೆ ಅಲ್ವಾ? ಗುಂಡಗಿರುವುದು ಹೌದು, ಅಷ್ಟಕ್ಕೇ ನಿಲ್ಲುತ್ತದೆ. ಹಂಪಿಯದು ನೆಲದಾಳದಲ್ಲಿ ನಿಧಾನವಾಗಿ ಗಟ್ಟಿಯಾದ ಗ್ರಾನೈಟು. ಅದರ ವಯಸ್ಸನ್ನು ನೂರು ಕೋಟಿಗಳಲ್ಲಿ ಎಣಿಸಬೇಕು. ಅದರ ಮುಂದೆ ಈ ಕಲ್ಲು ನಿನ್ನೆಯದು. ಹಂಪಿಯಲ್ಲಿ ಬಂಡೆಗಳು ಒಂದರ ಮೇಲೊಂದು ಕೂತು ಗುಡ್ಡವಾಗಿವೆ. ಇಲ್ಲಿ ಹೆಚ್ಚಿನವು ಇನ್ನೂ ಹುಟ್ಟಿದ ಜಾಗದಲ್ಲೇ, ಬುಡ ನೆಲಕ್ಕೆ ಅಂಟಿಕೊಂಡೇ ನಿಂತಿವೆ. ಪಕ್ಕದ ಅರಿಜೋನಾದ ಚಿರಿಕಾಹುವಾ ಇದಕ್ಕೆ ಹತ್ತಿರದ ಸಂಬಂಧಿ. ಅಲ್ಲೂ ಜ್ವಾಲಾಮುಖಿ ಬೂದಿಯ ಕಂಬಗಳೇ, ಆದರೆ ಸಾವಿರಾರು. ಅಲ್ಲಿಗೆ ಹೋಗಿ ಬಂದವರು ಇದನ್ನು ಅದರ ಚಿಕ್ಕ ತಮ್ಮ ಅಂದುಕೊಳ್ಳಬಹುದು. ವಯಸ್ಸಿನಲ್ಲಿ ಮಾತ್ರ ಇದೇ ಅಣ್ಣ. ಚಿರಿಕಾಹುವಾದ ಕಲ್ಲಿಗೆ ಸುಮಾರು 2.7 ಕೋಟಿ ವರ್ಷ.

ಈಗ ಸದ್ದಿನ ವಿಷಯಕ್ಕೆ ಬರುತ್ತೇನೆ. 1952ರಲ್ಲಿ ಇದು ಸ್ಟೇಟ್ ಪಾರ್ಕ್ ಆಯಿತು. ಟೆಂಟು ಹಾಕುವ ಜಾಗಗಳನ್ನು ಬಯಲಿನಲ್ಲಿ ಸಾಲಾಗಿ ಮಾಡದೆ ಕಲ್ಲುಗಳ ಸಂದುಗಳಲ್ಲೇ ಬಿಟ್ಟಿದ್ದಾರೆ. ಕಲ್ಲಿನ ಗುಂಪನ್ನು ಸುತ್ತುವ ಮಣ್ಣುರಸ್ತೆಯಿಂದ ಇಳಿದು, ಒಂದು ಮೂಲೆ ತಿರುಗಿದರೆ ನಿಮ್ಮ ಜಾಗ. ಒಂದು ಮೇಜು, ಬೆಂಕಿ ಹಾಕಲು ಒಂದು ಬಳೆ, ಮೂರು ಕಡೆ ಕಲ್ಲು. ಪಕ್ಕದವರು ಕೂಗಳತೆಯಲ್ಲೇ ಇರುತ್ತಾರೆ. ಕಾಣುವುದಿಲ್ಲ, ಕೇಳುವುದೂ ಇಲ್ಲ. ಬಯಲಿನಲ್ಲಿ ದೂರ ಎರಡರಷ್ಟಾದರೆ ಸದ್ದು ಇಳಿಯುವುದು 6 ಡೆಸಿಬಲ್ ಮಾತ್ರ. ನಡುವೆ ಎರಡಾಳೆತ್ತರದ ಕಲ್ಲು ನಿಂತರೆ ಮಾತು, ಪಾತ್ರೆ ಸದ್ದು, ಮಕ್ಕಳ ಕಿರುಚಾಟ ಎಲ್ಲ ಅದಕ್ಕೆ ಹೊಡೆದು ಅಲ್ಲೇ ತಿರುಗಿಬಿಡುತ್ತವೆ. ತಗ್ಗು ದನಿಯ ಗುಂಯ್‌ಗುಡುವಿಕೆ ಮಾತ್ರ ಮೂಲೆ ಬಳಸಿ ಬರಬಲ್ಲದು. ಅದಕ್ಕೇ ಜನರೇಟರಿನ ಮೇಲೆ ನನಗೆ ಸಿಟ್ಟು. ಇಂಥ ಕಲ್ಲನ್ನೂ ದಾಟಿ ಬರುವ ಸದ್ದು ಅದೊಂದೇ.

ಕಲ್ಲಿಗೆ ಆಗದ್ದನ್ನು ನಿಯಮ ಮಾಡುತ್ತದೆ. ನ್ಯೂ ಮೆಕ್ಸಿಕೋದ ಸ್ಟೇಟ್ ಪಾರ್ಕುಗಳಲ್ಲಿ ರಾತ್ರಿ 10ರಿಂದ ಬೆಳಗ್ಗೆ 7ರವರೆಗೆ ಸದ್ದು ಮಾಡುವಂತಿಲ್ಲ. ಬೋರ್ಡು ಎಲ್ಲ ಕಡೆಯೂ ಇರುತ್ತದೆ, ಆದರೆ ಇಲ್ಲಿ ಜನ ಅದನ್ನು ಪಾಲಿಸುತ್ತಾರೆ. ಯಾಕೆ ಅಂತ ಯೋಚಿಸಿದೆ. ಬರುವವರೇ ಅಂಥವರು ಅನ್ನಿಸುತ್ತದೆ. ಇಲ್ಲಿ ದೋಣಿ ಓಡಿಸಲು ಕೆರೆ ಇಲ್ಲ, ಮೀನು ಹಿಡಿಯಲು ಹೊಳೆ ಇಲ್ಲ. ಮಾಡಲು ಜಾಸ್ತಿ ಏನೂ ಇಲ್ಲದ ಜಾಗ, ಏನೂ ಮಾಡದೆ ಇರಬಲ್ಲವರನ್ನು ತಾನೇ ಆರಿಸಿಕೊಳ್ಳುತ್ತದೆ.

ಹಾಗಂತ ಕಿವಿಗೆ ಏನೂ ಬೀಳಲಿಲ್ಲ ಅಂತಲ್ಲ. ನಾವು ಹೋದದ್ದು ಮಾರ್ಚ್‌ನಲ್ಲಿ. ಈ ಕಡೆ ವಸಂತ ಅಂದರೆ ಗಾಳಿಯ ಕಾಲ. ಸಂಜೆಯವರೆಗೂ ಓಣಿಗಳಲ್ಲಿ ಗಾಳಿ ಶಿಳ್ಳೆ ಹಾಕುತ್ತಲೇ ಇತ್ತು. ಟೆಂಟಿನ ಗೂಟ ಗಟ್ಟಿನೆಲಕ್ಕೆ ಇಳಿಯದೆ ನಮ್ಮವರು ಕಲ್ಲು ಹೇರಿ ಹಗ್ಗ ಬಿಗಿದರು. ಕತ್ತಲಾದ ಮೇಲೆ ಗಾಳಿ ಬಿತ್ತು. ಆಮೇಲೆ ಕೇಳಿದ್ದು ಒಂದೇ, ಗೂಬೆ. ಗ್ರೇಟ್ ಹಾರ್ನ್ಡ್ ಔಲ್ ಅನ್ನುವ ದೊಡ್ಡ ಜಾತಿಯದು. ತಲೆಯ ಮೇಲೆ ಕೊಂಬಿನಂತೆ ಎದ್ದ ಗರಿ. ಎತ್ತರದ ಕಲ್ಲಿನ ಗುಳಿಗಳಲ್ಲಿ ಅವು ಗೂಡು ಮಾಡುತ್ತವೆ, ಮರಿ ಮಾಡುವುದೂ ಈ ಕಾಲದಲ್ಲೇ. ಒಂದು ಕೂಗಿದರೆ ಇನ್ನೊಂದು ಉತ್ತರ ಕೊಡುತ್ತದೆ. ಹೆಣ್ಣಿನ ದನಿ ಗಂಡಿಗಿಂತ ಸ್ವಲ್ಪ ಏರು. ಗೂಬೆ ಕೂಗಿದರೆ ಅಪಶಕುನ ಅಂತ ಕೇಳಿಕೊಂಡೇ ಬೆಳೆದವಳು ನಾನು. ಅಲ್ಲಿ ಮಲಗಿಕೊಂಡು, ಮುಂದಿನ ಉತ್ತರ ಯಾವಾಗ ಬರುತ್ತದೆ ಅಂತ ಕಾಯುತ್ತಿದ್ದೆ.

ಕಿವಿಗೆ ಸದ್ದು ಹೇಗೋ ಕಣ್ಣಿಗೆ ಬೆಳಕು ಹಾಗೆ. ಈ ಪಾರ್ಕಿನ ಇನ್ನರ್ಧ ಅಂದರೆ ಕತ್ತಲು. ಅದೂ ಸುಮ್ನೆ ಉಳಿದದ್ದಲ್ಲ. ನ್ಯೂ ಮೆಕ್ಸಿಕೋ 1999ರಲ್ಲಿ ರಾತ್ರಿಯ ಆಕಾಶವನ್ನು ಕಾಪಾಡಲೆಂದೇ ಒಂದು ಕಾನೂನು ತಂದಿತು. ಹೊರಾಂಗಣದ ದೊಡ್ಡ ದೀಪಗಳಿಗೆ ಮೇಲಿಂದ ಮುಚ್ಚಿಗೆ ಇರಬೇಕು, ಬೆಳಕು ನೆಲಕ್ಕೆ ಬೀಳಬೇಕು, ಆಕಾಶಕ್ಕಲ್ಲ ಅನ್ನುವುದು ಅದರ ತಿರುಳು. ಇಲ್ಲಿಂದ ವಾಯವ್ಯಕ್ಕೆ ಗಿಲಾ ನ್ಯಾಷನಲ್ ಫಾರೆಸ್ಟ್‌ನಲ್ಲಿ ಕಾಸ್ಮಿಕ್ ಕ್ಯಾಂಪ್‌ಗ್ರೌಂಡ್ ಅಂತ ಇದೆ. ಉತ್ತರ ಅಮೆರಿಕದ ಮೊದಲ ಅಂತರರಾಷ್ಟ್ರೀಯ ಕತ್ತಲಾಕಾಶ ಅಭಯತಾಣ ಅಂತ ಅದಕ್ಕೆ 2016ರಲ್ಲಿ ಮಾನ್ಯತೆ ಸಿಕ್ಕಿತು. ಅದೇ ಗಿಲಾ ಕಾಡಿನ ಇನ್ನೊಂದು ಭಾಗವನ್ನು 1924ರಲ್ಲೇ, ಆಲ್ಡೊ ಲಿಯೋಪೋಲ್ಡ್ ಅನ್ನುವ ಅರಣ್ಯಾಧಿಕಾರಿಯ ಒತ್ತಾಯದ ಮೇಲೆ, ರಸ್ತೆ ಕಟ್ಟಡ ಯಾವುದೂ ಬೇಡ ಅಂತ ಹಾಗೇ ಬಿಟ್ಟರು. ಲೋಕದಲ್ಲಿ ಹಾಗೆ ಗುರುತಿಸಿದ ಮೊದಲ ಕಾಡು ಅದು. ಬೇಡ ಅನ್ನುವುದನ್ನು ನೂರು ವರ್ಷದಿಂದ ಅಭ್ಯಾಸ ಮಾಡಿಕೊಂಡ ಸೀಮೆ ಇದು. ಅಂಥ ಬೇಡಗಳೆಲ್ಲ ಸೇರಿ ಒಂದು ರಾತ್ರಿಯ ಕತ್ತಲು ಆಗಿದೆ.

ಪಾರ್ಕಿನೊಳಗೇ ಒಂದು ಪುಟ್ಟ ವೀಕ್ಷಣಾಲಯವೂ ಇದೆ. ಜೀನ್ ಅಂಡ್ ಎಲಿಜಬೆತ್ ಸೈಮನ್ ಅಬ್ಸರ್ವೇಟರಿ ಅಂತ ಹೆಸರು, ಒಳಗೆ 14 ಇಂಚಿನ ದೂರದರ್ಶಕ. ಕೆಲವು ಶನಿವಾರ ರಾತ್ರಿ ಅಲ್ಲಿ ಆಕಾಶ ತೋರಿಸುತ್ತಾರೆ. ಟೆಂಟಿನ ಜಾಗಗಳಿಗೂ ನಂಬರಿನ ಬದಲು ನಕ್ಷತ್ರ, ನಕ್ಷತ್ರಪುಂಜಗಳ ಹೆಸರು ಇಟ್ಟಿದ್ದಾರೆ. ನಾವಿದ್ದ ದಿನ ವೀಕ್ಷಣಾಲಯ ಮುಚ್ಚಿತ್ತು. ಅದರ ಕೊರತೆ ಕಾಣಲಿಲ್ಲ.

ಒಂದು ವಿಷಯ ಮಾತ್ರ ಹೇಳಬೇಕು. ಆಕಾಶ ನೋಡಲು ಕಣ್ಣಿಗೆ ಸಮಯ ಕೊಡಬೇಕು. ಕತ್ತಲಿಗೆ ಸರಿಯಾಗಿ ಹೊಂದಿಕೊಳ್ಳಲು ಅದಕ್ಕೆ 20ರಿಂದ 30 ನಿಮಿಷ ಬೇಕು, ಮತ್ತು ಫೋನನ್ನು ಒಂದು ಸಲ ತೆರೆದರೆ ಅಷ್ಟೂ ಹೋಯಿತು. ಮಗಳ ಫೋನು ಕಾರಿನಲ್ಲಿ ಉಳಿಯಿತು ಅಂದರೆ ನಂಬಿ. ಅದಕ್ಕೊಂದು ಸಣ್ಣ ಜಗಳ ಆಗಿತ್ತು, ಅದಿರಲಿ. ಸೂರ್ಯ ಮುಳುಗಿ ಒಂದೂವರೆ ಗಂಟೆಯಾಗಿತ್ತು. ಪಶ್ಚಿಮದಲ್ಲಿ ನೆಲದಿಂದ ಮೇಲಕ್ಕೆ ಓರೆಯಾಗಿ ಎದ್ದ ಒಂದು ಮಸುಕು ಬೆಳಕು ಕಂಡಿತು. ಯಾವುದೋ ಊರಿನ ದೀಪ ಅಂದಳು. ಊರಿನದಲ್ಲ. ಗ್ರಹಗಳು ಸೂರ್ಯನನ್ನು ಸುತ್ತುವ ಸಮತಲದಲ್ಲಿ ಹರಡಿರುವ ಧೂಳಿನ ಮೇಲೆ ಬಿದ್ದ ಬಿಸಿಲು ಅದು. ರಾಶಿಪ್ರಭೆ ಅನ್ನುತ್ತಾರೆ. ವಸಂತದ ಸಂಜೆಗಳಲ್ಲಿ ಅದು ಕಡಿದಾಗಿ ಮೇಲೇಳುವುದರಿಂದ ಚೆನ್ನಾಗಿ ಕಾಣುತ್ತದೆ, ಆದರೆ ಊರಿನ ದೀಪ ಸ್ವಲ್ಪವಿದ್ದರೂ ಕಾಣುವುದಿಲ್ಲ. ಆಕಾಶದಲ್ಲೂ ಧೂಳಿದೆ ಅನ್ನುವುದು ಅವಳಿಗೆ ನಕ್ಷತ್ರಗಳಿಗಿಂತ ಜಾಸ್ತಿ ಹಿಡಿಸಿತು.

ಚಳಿ ಮಾತ್ರ ಜೋರು. ಮರುಭೂಮಿ ಅಂದಕೂಡಲೇ ಸೆಕೆ ಅಂದುಕೊಳ್ಳುವವರು ಇಲ್ಲಿನ ಎತ್ತರವನ್ನು ನೆನಪಿಡಬೇಕು, ಸುಮಾರು 1,600 ಮೀಟರ್. ಹಗಲು ಅಂಗಿಯ ತೋಳು ಮಡಚಿದವರು ರಾತ್ರಿ ಟೋಪಿ ಹಾಕಿಕೊಂಡೇ ಮಲಗಬೇಕು. ಬೆಳಗ್ಗೆ ನೀರು 95 ಡಿಗ್ರಿಗೇ ಕುದಿಯುತ್ತದೆ. ಚಹಾ ಸ್ವಲ್ಪ ಸಪ್ಪೆ.

ಬೆಳಗಿನ ಬಿಸಿಲು ಕಲ್ಲಿಗೆ ಬಿದ್ದಾಗ ನಾವು ಸುತ್ತಲು ಹೊರಟೆವು. ಹೈಡ್ರಾ ಟ್ರೇಲ್ ಅನ್ನುವ ಕಾಲುದಾರಿ ಕಲ್ಲುಗಳ ಹೊರಸುತ್ತು ಹಾಕುತ್ತದೆ. ಯುಕ್ಕಾ, ಪಾಪಾಸುಕಳ್ಳಿ, ಅಲ್ಲಲ್ಲಿ ಓಕ್ ಮರ. ಓಕ್ ಮರಗಳು ಬಯಲಿನಲ್ಲಿ ಕಾಣುವುದಿಲ್ಲ, ಕಲ್ಲುಗಳ ಬುಡದಲ್ಲೇ ಬೆಳೆದಿವೆ. ಬಿದ್ದ ಅಷ್ಟಿಷ್ಟು ಮಳೆ ಕಲ್ಲಿನ ಮೇಲಿಂದ ಜಾರಿ ಬುಡಕ್ಕೇ ಬರುವುದರಿಂದ ಅಲ್ಲಿ ಮಾತ್ರ ಮರಕ್ಕೆ ಬೇಕಾದ ತೇವ ಸಿಗುತ್ತದೆ.

ನೀರಿನ ಕಥೆ ಕೆಲವು ಕಲ್ಲುಗಳ ಮೇಲೆ ಇನ್ನೂ ಸ್ಪಷ್ಟ. ಬಂಡೆಯಲ್ಲಿ ಶಂಕುವಿನಾಕಾರದ ಕುಳಿಗಳಿವೆ. ಯಾರೋ ಕೂತು ಕುಟ್ಟಿ, ತಿರುವಿ ಮಾಡಿದವು. ಕ್ರಿ.ಶ. 750ರಿಂದ 1250ರ ನಡುವೆ ಈ ಸೀಮೆಯಲ್ಲಿ ಮಿಂಬ್ರೆಸ್ ಅಂತ ಕರೆಯುವ ಜನ ಇದ್ದರು. ಕಾಳು ಕುಟ್ಟಲು, ಮಳೆನೀರು ಹಿಡಿಯಲು ಇಂಥ ಕುಳಿಗಳು ಬಳಕೆಯಾಗುತ್ತಿದ್ದವು. ಅವರ ಮಡಕೆಗಳು ಜಗತ್ತಿಗೇ ಗೊತ್ತು. ಬಿಳಿಯ ಮೇಲೆ ಕಪ್ಪು ಗೆರೆಯಲ್ಲಿ ಮೀನು, ಮೊಲ, ಜಿಗಿಯುವ ಕೀಟ. ಸತ್ತವರನ್ನು ಮನೆಯ ನೆಲದಡಿ ಹೂಳುವಾಗ ಇಂಥ ಒಂದು ಬಟ್ಟಲಿನ ತಳಕ್ಕೆ ತೂತು ಮಾಡಿ ಮುಖದ ಮೇಲೆ ಕವುಚಿಡುತ್ತಿದ್ದರು. ಆ ಬಟ್ಟಲುಗಳಿಗಾಗಿ 20ನೇ ಶತಮಾನದಲ್ಲಿ ಕಳ್ಳರು ಈ ಸೀಮೆಯ ಹಳೆ ಊರುಗಳನ್ನು ಬುಲ್ಡೋಜರ್ ಹಚ್ಚಿ ಅಗೆದರು. ಈಗ ಪಾರ್ಕಿನಲ್ಲಿ ಒಂದು ಮಡಕೆಚೂರು, ಬಾಣದ ಮೊನೆ ಸಿಕ್ಕರೂ ಎತ್ತಿಕೊಳ್ಳುವಂತಿಲ್ಲ. ಮಗಳು ಒಂದು ಕುಳಿಗೆ ಮುಷ್ಟಿ ಇಳಿಸಿ ನೋಡಿದಳು. ಮೊಣಕೈವರೆಗೂ ಹೋಯಿತು. "ಇದನ್ನ ಮಾಡೋಕೆ ಎಷ್ಟು ದಿನ ಬೇಕಾಗಿರಬಹುದು?" ಅಂದಳು. ದಿನ ಅಲ್ಲ ಕಣೇ, ವರ್ಷಗಳು ಅಂದೆ.

ಮಿಂಬ್ರೆಸ್ ಜನರ ದೊಡ್ಡ ಊರುಗಳು ಹೊಳೆಯ ದಂಡೆಯಲ್ಲಿದ್ದವು. ಇಲ್ಲಿ ಹೊಳೆ ಇಲ್ಲ. ಹಾಗಾಗಿ ಇಲ್ಲಿ ದೊಡ್ಡ ಊರು ಬೆಳೆಯಲಿಲ್ಲ, ಆಮೇಲೆ ಬಂದವರೂ ಕಟ್ಟಲಿಲ್ಲ. ಇಲ್ಲಿ ಗೆದ್ದದ್ದು ಕಾಂಗರೂ ಇಲಿಯಂಥ ಜೀವಿಗಳು. ಅದು ಬದುಕಿಡೀ ನೀರು ಕುಡಿಯದಿದ್ದರೂ ನಡೆಯುತ್ತದೆ. ತಿಂದ ಬೀಜವನ್ನು ಮೈ ಅರಗಿಸಿಕೊಳ್ಳುವಾಗ ಹುಟ್ಟುವ ನೀರೇ ಅದಕ್ಕೆ ಸಾಕು. ನೀರಿಲ್ಲದ್ದರಿಂದ ಊರಿಲ್ಲ, ಊರಿಲ್ಲದ್ದರಿಂದ ದೀಪವೂ ಇಲ್ಲ, ಸದ್ದೂ ಇಲ್ಲ. ನಾವು ಮೆಚ್ಚಿ ಮಲಗಿದ ನಿಶ್ಶಬ್ದದ ಒಂದು ಪಾಲು, ಬೇರೆ ಯಾರೋ ಬದುಕಲಾಗದೆ ಬಿಟ್ಟುಹೋದದ್ದು ಅನ್ನುವುದು ಸ್ವಲ್ಪ ಕಸಿವಿಸಿ ಮಾಡುತ್ತದೆ. ನಮಗೇನು, ಕ್ಯಾನಿನಲ್ಲಿ ನೀರು ತಂದಿದ್ದೆವು.

ಹೋಗುವ ಯೋಚನೆ ಇರುವವರಿಗೆ ಎರಡು ಮಾತು. ಜಾಗ ಮೊದಲೇ ಕಾದಿರಿಸಿ, ಅಮಾವಾಸ್ಯೆಯ ಆಸುಪಾಸು ಆದರೆ ಇನ್ನೂ ಒಳ್ಳೆಯದು. ಕಲ್ಲುಗಳ ಒಳಗಿನ ಜಾಗವನ್ನೇ ಕೇಳಿ. ಎರಡು ಮೂರು ಕಡೆ ಮರೆ ಇದ್ದರೆ ಗಾಳಿಯೂ ತಪ್ಪುತ್ತದೆ. ಬೇಸಿಗೆಯಲ್ಲಿ ಹಾವಿನ ಬಗ್ಗೆ ಎಚ್ಚರ. ಸಂದುಗಳಿಗೆ ಕೈ ಹಾಕುವ ಮುಂಚೆ ನೋಡಿ. ತಲೆಗೆ ಕಟ್ಟುವ ದೀಪಕ್ಕೆ ಕೆಂಪು ಬೆಳಕು ಇರಲಿ, ಪಕ್ಕದವರ ಕಣ್ಣು ಉಳಿಯುತ್ತದೆ.

ವಾಪಸು ಬರುವಾಗ ಕಾರಿನಲ್ಲಿ ನಮ್ಮಿಬ್ಬರಿಗೂ ಒಂದು ವಿಷಯಕ್ಕೆ ವಾದವಾಯಿತು, ಇನ್ನೂ ಮುಗಿದಿಲ್ಲ. ಪಾರ್ಕಿನ ಒಂದು ಬದಿಗೆ ಪೆಗಾಸಸ್ ಅನ್ನುವ ಭಾಗವಿದೆ. ಅಲ್ಲಿ ಮಾತ್ರ ಕರೆಂಟು. ಮನೆಯಷ್ಟು ದೊಡ್ಡ ಬಂಡಿಗಳು ನಿಲ್ಲುವುದು ಅಲ್ಲೇ. ಅದನ್ನು ತೆಗೆದೇಬಿಡಬೇಕು, ಟೆಂಟು ಒಂದೇ ಇರಬೇಕು ಅನ್ನುವುದು ನಮ್ಮವರ ವಾದ. ಮೊದಲ ಸಂಜೆ ನಾನೂ ಹಾಗೇ ಅಂದಿದ್ದೆ. ಮರುದಿನ ನೀರು ತುಂಬಿಸುವಾಗ ಅಲ್ಲಿದ್ದ ಒಬ್ಬ ಅಜ್ಜಿ ಮಾತಿಗೆ ಸಿಕ್ಕರು. ಅವರ ಗಂಡನಿಗೆ ರಾತ್ರಿ ಉಸಿರಾಟದ ಯಂತ್ರ ಬೇಕು. ಕರೆಂಟಿರುವ ಜಾಗ ಇರುವುದರಿಂದಲೇ ಅವರು ನಕ್ಷತ್ರ ನೋಡಲು ಬರಲು ಆಗುತ್ತಿರುವುದು. ಇಲ್ಲದಿದ್ದರೆ ಒಂದೋ ಮನೆ, ಇಲ್ಲವೋ ಜನರೇಟರು. ಆ ಲೆಕ್ಕದಲ್ಲಿ, ಒಂದು ಬದಿಗೆ ಎಳೆದ ಆ ತಂತಿ ಎಷ್ಟೋ ಜನರೇಟರುಗಳನ್ನು ಸುಮ್ಮನಾಗಿಸಿದೆ. ಅದನ್ನು ಹೇಳಿದೆ. ಅವರು, "ಸರಿ, ಅಷ್ಟು ಇರಲಿ, ಆದರೆ ಇನ್ನೊಂದೂ ಸೇರಿಸಬಾರದು" ಅಂದರು. ಯಾರಿಗೆ ಸಾಕು, ಎಷ್ಟಕ್ಕೆ ಸಾಕು ಅನ್ನುವುದನ್ನು ಗುರುತು ಹಾಕುವವರು ಯಾರು ಅಂತ ಹಿಂದಿನ ಸೀಟಿನಿಂದ ಪ್ರಶ್ನೆ ಬಂತು. ಡೆಮಿಂಗ್ ತಲುಪುವವರೆಗೂ ನಾವಿಬ್ಬರೂ ಅದಕ್ಕೆ ಬೇರೆ ಬೇರೆ ಉತ್ತರ ಕೊಡುತ್ತಲೇ ಇದ್ದೆವು.